ಲೇಬರ್ ಕೇಸಿನವರು ನಗಿಸಿದ್ದು

ಶಿವಾಜಿನಗರದ ಒಂದು ಬೇಕರಿಯ ಮಹಡಿಯಲ್ಲಿ ನನ್ನ ಆಫೀಸು. ಕೆಲಸಗಾರರ ಕೇಸುಗಳನ್ನು ಮಾತ್ರ ನಡೆಸುವ ವಕೀಲೆ ನಾನು. ಒಳ್ಳೆ ಸುದ್ದಿ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿದವರು ಇದುವರೆಗೆ ಯಾರೂ ಇಲ್ಲ. ಆದರೂ ಆಗಾಗ ಟೇಬಲ್ಲಿಗೆ ಹಣೆ ಆನಿಸಿ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ನಕ್ಕಾದ ಮೇಲೆ ಊಟ ಸೇರುವುದಿಲ್ಲ, ಅದು ಬೇರೆ ಮಾತು.

ಕುರ್ಚಿ ಬಂತು

ಹಲಸೂರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿ ಬಾಗಿಲು ಹಾಕುವವರೆಗೆ ನಿಂತೇ ಇರಬೇಕಿತ್ತು. ಗೋಡೆಗೆ ಒರಗಿದರೂ ಬೈಗುಳ. ಒಬ್ಬಳ ತಾಯಿ ನನ್ನ ಬಳಿ ಬಂದು, "ಮನೆಗೆ ಬಂದ್ರೆ ಚಪ್ಲಿ ಬಿಚ್ಚೋಕಾಗಲ್ಲಮ್ಮ, ಕಾಲು ಅಷ್ಟು ಊದ್ಕೊಂಡಿರ್ತವೆ" ಎಂದು ಅತ್ತಳು. ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕು ಎನ್ನುವುದು ಕಾನೂನು. ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ.

ಅಧಿಕಾರಿ ತಪಾಸಣೆಗೆ ಬರುವ ಸುದ್ದಿ ಅವರಿಗಿಂತ ಮೊದಲೇ ಅಂಗಡಿ ತಲುಪಿತ್ತು. ಓನರ್ ಶಾಮಿಯಾನದವನಿಂದ ಕುರ್ಚಿಗಳನ್ನು ಬಾಡಿಗೆಗೆ ತಂದು ಸಾಲಾಗಿ ಇಡಿಸಿದ್ದ. ಹುಡುಗಿಯರಿಗೆ ಮಾತ್ರ ವಿಷಯ ಏನೆಂದು ಹೇಳಿರಲಿಲ್ಲ. ಅಧಿಕಾರಿ ನೇರವಾಗಿ ಆ ಊದಿದ ಕಾಲಿನ ಹುಡುಗಿಯ ಎದುರು ನಿಂತು, "ಏನಮ್ಮ, ಈ ಕುರ್ಚಿ ಮೇಲೆ ನೀನು ಕೂತ್ಕೊತೀಯಾ?" ಎಂದು ಕೇಳಿದರು.

ಅವಳು ಕುರ್ಚಿಯಿಂದ ದೂರ ಸರಿದು ನಿಂತಳು. "ಯಾರೋ ಸುಳ್ಳು ಹೇಳಿದಾರೆ ಸಾರ್! ದೇವ್ರಾಣೆ, ನಾನು ಒಂದಿನಾನೂ ಕೂತಿಲ್ಲ!"

ಮಾಲೀಕನ ಮೇಲೆ ಕೇಸು

ರಾಮಮೂರ್ತಿ ನಗರದಲ್ಲಿ ಆ್ಯಪ್ ಕಂಪನಿಯೊಂದರ ಊಟ ತಲುಪಿಸಲು ಹೊರಟಿದ್ದ ಹುಡುಗನ ಬೈಕಿಗೆ ನೀರಿನ ಟ್ಯಾಂಕರ್ ಗುದ್ದಿ ತೊಡೆ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದವನ ಮೊಬೈಲಿಗೆ ಕಂಪನಿಯ ಮೆಸೇಜು ಬರುತ್ತಲೇ ಇತ್ತು: ಪ್ರಿಯ ಪಾರ್ಟ್ನರ್, ಇವತ್ತು ಯಾಕೆ ಲಾಗಿನ್ ಆಗಿಲ್ಲ? ಮೂರನೇ ಮೆಸೇಜಿನ ನಂತರ ಅವನ ಐಡಿಯನ್ನೇ ಬಂದ್ ಮಾಡಿದರು.

ಪರಿಹಾರ ಕೇಳಿ ನೋಟೀಸು ಕಳಿಸಿದೆ. ಕಂಪನಿಯವರು ಮಾತುಕತೆಗೆ ಕರೆದಾಗ ನನ್ನ ಜೊತೆ ಹುಡುಗನ ಮಾವ ಬಂದಿದ್ದರು. ಶಿವಾಜಿನಗರದಲ್ಲಿ ಹಳೇ ಪಾತ್ರೆ ವ್ಯಾಪಾರ ಮಾಡುವ ಹಿರಿಯರು. ಅಳಿಯ ಕಂಪನಿಯಲ್ಲಿ ಪಾರ್ಟ್ನರ್ ಎಂದು ಕೇಳಿಯೇ ಮಗಳನ್ನು ಕೊಟ್ಟಿದ್ದರಂತೆ. ಕಂಪನಿಯ ವಕೀಲರು ಟೈ ಸರಿಮಾಡಿಕೊಂಡು, "ಆತ ನಮ್ಮ ಕೆಲಸಗಾರನೇ ಅಲ್ಲ. ಬೇಕಾದಾಗ ಬರ್ತಾನೆ, ಬೇಡದಾಗ ಬಿಡ್ತಾನೆ. ಅವನಿಗೆ ಅವನೇ ಮಾಲೀಕ" ಎಂದರು.

ಮಾವ ನನ್ನತ್ತ ವಾಲಿ, "ಕ್ಯಾ ಮೇಡಮ್, ಹಂಗಾದ್ರೆ ನಮ್ ಹುಡುಗನ ಮಾಲೀಕ ನಮ್ ಹುಡುಗನೇನಾ?" ಎಂದು ಪಿಸುಗುಟ್ಟಿದರು.

"ಅವರು ಹಂಗಂತಿದಾರೆ."

"ಅಚ್ಛಾ. ಹಂಗಿದ್ರೆ ಅವ್ನ್ ಮೇಲೇ ಕೇಸ್ ಹಾಕಿ. ಎಲ್ಲೂ ಓಡಿ ಹೋಗಲ್ಲ, ಕಾಲಿಗೆ ಪ್ಲಾಸ್ಟರ್ ಐತೆ."

ಎರಡನೇ ಪ್ಯಾರಾ

ಇಂದಿರಾನಗರದ ಒಂದು ಕಂಪನಿ ವಿಡಿಯೋ ಕಾಲ್‌ನಲ್ಲೇ ಒಂದಿಡೀ ತಂಡವನ್ನು ಮನೆಗೆ ಕಳಿಸಿತು. ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೇದು ಎಂದು ಎಚ್‌ಆರ್ ಹೆಂಗಸು ಬರೆದದ್ದನ್ನು ಎದುರಿಟ್ಟುಕೊಂಡು ಓದಿದಳಂತೆ. ಆ ತಂಡದವರ ಕೇಸು ನಾನೇ ತಗೊಂಡಿದ್ದೆ. ಸ್ವಲ್ಪ ದಿನ ಕಳೆದು ಅದೇ ಹೆಂಗಸು ನನ್ನ ಮೆಟ್ಟಿಲು ಹತ್ತಿದಳು.

"ನನ್ನನ್ನೂ ತೆಗೆದ್ರು ಮೇಡಮ್. ನಾನು ಬರ್ಕೊಟ್ಟಿದ್ದನ್ನೇ ನನಗೆ ಓದಿದ್ರು."

ನೀರು ಕೊಟ್ಟೆ. ಕುಡಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು ಅವಳಿಗೆ.

"ಅದೂ ಸರಿಯಾಗಿ ಓದ್ಲಿಲ್ಲ! ಸಮಾಧಾನ ಹೇಳೋಕೆ ಅಂತ ಎರಡನೇ ಪ್ಯಾರಾ ಬರ್ದಿದ್ದೆ. ಅದನ್ನ ಪೂರ್ತಿ ಹಾರಿಸ್ಬಿಟ್ರು!"

ಫೋನ್ ಎತ್ತಿದವನು

ದೊಡ್ಡನೆಕ್ಕುಂದಿಯ ಕಡೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಅಲ್ಲೊಬ್ಬ ಫ್ಲೋರ್ ಇನ್‌ಚಾರ್ಜ್ ಇದ್ದ. ಈಗ ಇಲ್ಲ. ಅವನು ಹೋದದ್ದು ಹೀಗೆ.

ಹೊಲಿಗೆ ಲೈನಿನ ಒಬ್ಬ ಹೆಂಗಸಿಗೆ ಅವನ ಕಾಟ ತಡೆಯಲಾಗಲಿಲ್ಲ. ಬಟ್ಟೆ ನೋಡುವ ನೆಪದಲ್ಲಿ ಹೆಗಲ ಮೇಲೆ ಕೈ, ಸೊಂಟದ ಮೇಲೆ ಕೈ. ಊಟದ ಕೋಣೆಯ ಗೋಡೆಗೆ ಮಹಿಳೆಯರ ದೂರು ಸಮಿತಿ ಎಂದು ಬೋರ್ಡು ಹಾಕಿದ್ದರು. ಅದರಲ್ಲಿದ್ದ ನಂಬರಿಗೆ ಧೈರ್ಯ ಮಾಡಿ ಫೋನ್ ಮಾಡಿದಳು. ಎತ್ತಿದವನು ಅವನೇ! ಸಮಿತಿಯ ಅಧ್ಯಕ್ಷೆ ಎಂದೋ ಕೆಲಸ ಬಿಟ್ಟಿದ್ದಳು; ಅವಳ ಆಫೀಸ್ ಫೋನು ಇವನ ಪಾಲಿಗೆ ಬಂದಿತ್ತು.

"ಧ್ವನಿ ಗೊತ್ತಾಯ್ತು ಬಿಡು," ಎಂದನಂತೆ. "ನಾಳೆ ಬೆಳಿಗ್ಗೆ ಕ್ಯಾಬಿನ್‌ಗೆ ಬಾ. ಒಬ್ಳೇ ಬಾ."

ಅವತ್ತು ಸಂಜೆ ಅವಳು ನನ್ನ ಎದುರು ಬಂದು ಕೂತಳು. "ಕೆಲಸ ಹೋದ್ರೆ ಮಕ್ಕಳ ಗತಿ ಏನಕ್ಕಾ?" ಎಂದಳು. ಇಲಾಖೆಗೆ ದೂರು ಬರೆದೆವು. "ಒಬ್ಬಳೇ ಮಾತ್ರ ಹೋಗಬೇಡ, ನಂಬಿಕೆ ಇರೋ ಒಬ್ಬಳನ್ನ ಜೊತೆಗೆ ಕರ್ಕೊಂಡು ಹೋಗು" ಎಂದು ಹೇಳಿ ಕಳಿಸಿದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಆಮೇಲೆ ನಿಜವಾದ ಸಮಿತಿ ಆಯಿತು, ಹೊರಗಿನಿಂದ ಒಬ್ಬ ಸದಸ್ಯೆ ಬಂದರು, ವಿಚಾರಣೆ ನಡೆದು ಅವನನ್ನು ಕೆಲಸದಿಂದ ತೆಗೆದರು. ಇದೆಲ್ಲಕ್ಕೂ ಮರುದಿನ ಬೆಳಿಗ್ಗೆ ಆ ಕ್ಯಾಬಿನ್ನಿನಲ್ಲಿ ನಡೆದದ್ದೇ ಕಾರಣ. ಅದನ್ನು ಅವಳೇ ನನಗೆ ಬಂದು ಹೇಳಿದಳು.

ಬಾಗಿಲು ತೆರೆದವನಿಗೆ ಕಂಡದ್ದು ಅವಳ ಹಿಂದೆ ಇಡೀ ಲೈನು. ಮಷೀನು ಬಿಟ್ಟು ಎದ್ದುಬಂದ ಹೆಂಗಸರು, ಮೆಟ್ಟಿಲವರೆಗೆ. ಅವನು ಬಾಗಿಲನ್ನು ಅರ್ಧ ಮುಚ್ಚಿದ. "ಏಯ್, ನಿನಗೆ ಒಬ್ಳೇ ಬಾ ಅಂದಿರ್ಲಿಲ್ವಾ?"

"ನಾನು ಒಬ್ಳೇ ಬಂದಿದೀನಿ ಸಾರ್," ಎಂದಳಂತೆ ಇವಳು. "ಇವರನ್ನೂ ನೀವು ಒಬ್ಬೊಬ್ರನ್ನೇ ಒಬ್ಳೇ ಬಾ ಅಂತ ಕರ್ದಿದ್ರಂತಲ್ಲ? ಎಲ್ರಿಗೂ ಇವತ್ತೇ ಪುರುಸೊತ್ತಾಯ್ತು."