ಮೇಸ್ತ್ರಿಯ ಅಂಗೈ ಆರಿಸಿದ ರೇಡಿಯೋ

ಮಗ್ಗದ ಮೇಸ್ತ್ರಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ಒಂದು ದೂರು. ಅದು ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಹೆಂಡತಿ ಹಾಸಿಗೆಯ ಪಕ್ಕ ನಿಂತು, ಸೊಂಟಕ್ಕೆ ಕೈ ಕೊಟ್ಟು, ‘ಏಳ್ರೀ’ ಎಂದು ಒಂದು ಕೂಗು ಹಾಕಿದಳೆಂದರೆ ಕಪಾಟಿನ ತಟ್ಟೆಗಳು ಒಂದನ್ನೊಂದು ತಬ್ಬಿಕೊಳ್ಳುತ್ತಿದ್ದವು, ಕಿಟಕಿಯಲ್ಲಿ ಕೂತ ಪಾರಿವಾಳ ಬೇರೆ ಮನೆ ನೋಡಿಕೊಳ್ಳುತ್ತಿತ್ತು. ಎರಡನೆಯ ಕೂಗಿಗೆ ಎದುರುಮನೆಯಲ್ಲಿ ದೀಪ ಹತ್ತುತ್ತಿತ್ತು. ಮೂರನೆಯ ಕೂಗಿಗೆ ಮೇಸ್ತ್ರಿ ಒಂದು ಕಣ್ಣು ತೆರೆದು, “ಯಾಕೆ ಹಂಗೆ ಬಡ್ಕೊಳ್ತೀಯೆ, ನಾನೇನು ಕಿವುಡನಾ?” ಎನ್ನುತ್ತಿದ್ದ. ಆಕೆ ಚಹಾ ಲೋಟ ಮುಂದಿಡುತ್ತಿದ್ದಳು.

ಎದ್ದೇ ತೀರಬೇಕಾದ ಜವಾಬ್ದಾರಿ ಅವನದು. ಮಗ್ಗದ ಶೆಡ್ಡಿನ ಬೀಗದ ಕೈ ಅವನ ಸೊಂಟದಲ್ಲಿತ್ತು. ಅವನು ಹೋಗಿ ಬಾಗಿಲು ತೆಗೆದು, ಕರೆಂಟು ಕೊಟ್ಟು, ಒಂದೊಂದು ಮಗ್ಗದ ಮೈಮೇಲೂ ಅಂಗೈ ಇಟ್ಟು ನೋಡಿದ ಮೇಲೆಯೇ ಉಳಿದವರು ಕೆಲಸಕ್ಕೆ ಕೂರುವುದು. ಒಂದು ದಿನವೂ ಅವನು ತಡವಾಗಿ ಹೋದವನಲ್ಲ. ಇನ್ನು ಆ ಅಂಗೈ. ಅದು ಮಾಮೂಲಿ ಅಂಗೈ ಅಲ್ಲ (ಹಾಗೆಂದು ಅವನೇ ಹೇಳುತ್ತಿದ್ದ). ಮಗ್ಗದ ಕಬ್ಬಿಣಕ್ಕೆ ತಾಗಿಸಿದರೆ ಸಾಕು, ಎಲ್ಲಿ ಬೇರಿಂಗು ಸವೆದಿದೆ, ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಗಳಲ್ಲಿ ಯಾವುದು ತಡವರಿಸುತ್ತಿದೆ ಎಂಬುದೆಲ್ಲ ನಾಡಿ ಹಿಡಿದ ವೈದ್ಯನಿಗೆ ತಿಳಿದಂತೆ ತಿಳಿಯುತ್ತಿತ್ತು. ಶೆಡ್ಡಿನೊಳಗೆ ಬಾಯಿಮಾತು ನಡೆಯುವುದೇ ಇಲ್ಲ. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವನ ಕಿವಿಯಲ್ಲಿ ಕಿರುಚಿದರೂ ವ್ಯರ್ಥ. ಅಲ್ಲಿನವರು ತುಟಿ ಆಡಿಸಿ ಮಾತಾಡುತ್ತಾರೆ, ಬೆರಳಲ್ಲಿ ಬೈಯುತ್ತಾರೆ, ಹುಬ್ಬಿನಲ್ಲಿ ನಗುತ್ತಾರೆ. ಕಿವಿಗೆ ಅಲ್ಲಿ ಉದ್ಯೋಗವೇ ಇರಲಿಲ್ಲ.

ದೂರು ದೊಡ್ಡದಾದದ್ದು ಕ್ಷೌರದಂಗಡಿಯಲ್ಲಿ. ಎದುರುಮನೆಯ ಬೇಕರಿಯವನು ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಲ್ಲಿಂದಲೇ, ತುಂಬಿದ ಸಭೆಯ ಎದುರು, ಮೇಸ್ತ್ರಿಯ ಸಂಸಾರದ ಗುಣಗಾನಕ್ಕೆ ತೊಡಗಿದ.

“ನಮಗೆ ಗಡಿಯಾರ ಯಾಕೆ ಮೇಸ್ತ್ರಿ? ನಿಮ್ಮ ಮನೆಯವರ ಮೊದಲನೇ ಕೂಗಿಗೆ ನಾನು ಏಳ್ತೀನಿ. ಎರಡನೇದಕ್ಕೆ ಒಲೆ ಹಚ್ತೀನಿ. ಮೂರನೇದಕ್ಕೆ ನೀವು ಏಳ್ತೀರಿ.”

ಕತ್ತರಿ ಹಿಡಿದವನೂ ನಕ್ಕ, ಕತ್ತು ಕೊಟ್ಟವನೂ ನಕ್ಕ. ಮೇಸ್ತ್ರಿ ತಾನೂ ನಕ್ಕು, ಮದುವೆಯಾದಾಗ ನಮ್ಮನೆಯವಳು ಪಾರಿವಾಳ ಕಣಪ್ಪ, ಈಗ ಮಿಲ್ಲಿನ ಸೈರನ್ ಆಗಿದ್ದಾಳೆ ಎಂದು ತನ್ನ ಕಡೆಯಿಂದಲೂ ಒಂದಿಷ್ಟು ಉಪ್ಪು ಖಾರ ಸೇರಿಸಿದ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಆ ನಗು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಹೆಜ್ಜೆಹೆಜ್ಜೆಗೂ ಕಾಡಿತು. ಇದಕ್ಕೊಂದು ಕೊನೆ ಕಾಣಿಸಲೇಬೇಕು ಎಂದುಕೊಂಡ.

ದಾರಿ ಮನೆಯಲ್ಲೇ ಇತ್ತು. ಶೆಡ್ಡಿನ ಮಾಲೀಕರು ಅವನ ಸೇವೆಗೆ ಮೆಚ್ಚಿ (ಅವರ ಮಗಳು ಹೊಸದು ಕೊಂಡಿದ್ದರಿಂದ ಹಳೆಯದು ಮಿಕ್ಕಿತ್ತು, ಆ ಮಾತು ಬೇರೆ) ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಮ್ಯೂಸಿಕ್ ಪ್ಲೇಯರ್ ಕೊಟ್ಟಿದ್ದರು. ಅದರ ಹೊಟ್ಟೆಯಲ್ಲಿ ನೂರಾರು ಹಾಡುಗಳಿದ್ದವಂತೆ. ಮೇಸ್ತ್ರಿ ಅದರ ವಯರನ್ನು ಕಿವಿಗೆ ಸಿಕ್ಕಿಸಿಕೊಂಡು ನೋಡಿ, ಗೋಡೆಯ ಮೇಲೆ ಇರುವೆ ನಡೆದಂಗಿದೆ, ಇದೊಂದು ಸಂಗೀತವಾ ಎಂದು ಮೂಲೆಗೆಸೆದಿದ್ದ. ಅದನ್ನು ಎತ್ತಿಕೊಂಡವಳು ಹೆಂಡತಿ. ಆಕೆ ಅದನ್ನು ಕಿವಿಗಿಟ್ಟುಕೊಂಡು ಪಾತ್ರೆ ತೊಳೆದಳು, ಬಟ್ಟೆ ಮಡಿಸಿದಳು. ಒಂದು ದಿನ, “ರೀ, ಕಿವಿಗೆ ಇದನ್ನ ಚುಚ್ಕೊಂಡ್ರೆ ಬಾಗಿಲು ಬಡಿದಿದ್ದೂ ತಿಳಿಯಲ್ಲ. ಇದಕ್ಕೊಂದು ಬಾಯಿ ಕೊಡಿಸ್ರಿ. ಕೈಯಲ್ಲಿ ಎತ್ಕೊಂಡು ಹೋಗೋ ಅಂಥ ಚಿಕ್ಕ ಸ್ಪೀಕರ್ ಬರುತ್ತಂತೆ, ಅಡುಗೆಮನೆ ಕಿಟಕಿ ಮೇಲೆ ಇಟ್ಕೋತೀನಿ,” ಎಂದು ಕೇಳಿದ್ದಳು. ಆಕೆ ಬಾಯಿಬಿಟ್ಟು ಏನನ್ನಾದರೂ ಕೇಳುವುದೇ ಅಪರೂಪ.

ಮೇಸ್ತ್ರಿಯ ತಲೆಯಲ್ಲಿ ದೀಪ ಹತ್ತಿತು. ಪ್ಲೇಯರಿಗೆ ಬಾಯಿ ಕೊಡಿಸುವ ನೆಪದಲ್ಲಿ ಹೆಂಡತಿಯ ಬಾಯಿಗೆ ಬೀಗ ಹಾಕಬಹುದಲ್ಲ! ಗಡಿಯಾರವೂ ರೇಡಿಯೋವೂ ಒಂದೇ ಪೆಟ್ಟಿಗೆಯಲ್ಲಿದ್ದು, ಅದರ ನೆತ್ತಿಯ ಮೇಲೆ ಪ್ಲೇಯರನ್ನು ಕೂರಿಸಿ, ಹೊತ್ತು ಹೇಳಿಟ್ಟರೆ ಆ ಹೊತ್ತಿಗೆ ಸರಿಯಾಗಿ ಹಾಡಿ ಎಬ್ಬಿಸುವ ಯಂತ್ರ ಬಂದಿದೆ ಎಂದು ಅವನು ಕೇಳಿದ್ದ. ಹಿಂದೆ ರಾಜಮಹಾರಾಜರನ್ನು ಹಾಡಿ ಎಬ್ಬಿಸುತ್ತಿದ್ದರು. ಇನ್ನು ಮುಂದೆ ಮಗ್ಗದ ಮೇಸ್ತ್ರಿಯನ್ನೂ ಹಾಗೆಯೇ.

ವಾರದ ರಜೆಯ ದಿನ ಇಬ್ಬರೂ ರೇಡಿಯೋ ಅಂಗಡಿಗೆ ಹೋದರು. ಹೆಂಡತಿ ಮಡಿಸಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಅಂಗಡಿಯ ಹುಡುಗಿ ಮೊದಲು ತೋರಿಸಿದ್ದೇ ಆಕೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಚಿಕ್ಕ ಸ್ಪೀಕರನ್ನು. ಹಿಡಿಕೆ ಇದ್ದ, ಒಂದು ಬ್ರೆಡ್ಡಿನ ತುಂಡಿನಷ್ಟೇ ಗಾತ್ರದ ಪುಟ್ಟ ಪೆಟ್ಟಿಗೆ ಅದು. ಪ್ಲೇಯರ್ ಸಿಕ್ಕಿಸಿ ಹಾಡು ಹಚ್ಚಿದಾಗ ಹೆಂಡತಿಯ ಮುಖ ಅರಳಿತು, ಬೆರಳುಗಳು ಗಾಜಿನ ಮೇಜಿನ ಮೇಲೆ ತಾಳ ಹಾಕತೊಡಗಿದವು. ಮೇಸ್ತ್ರಿ ಕಿವಿ ಕೊಡಲಿಲ್ಲ. ಶರ್ಟಿನ ತೋಳು ಮೇಲೆ ಸರಿಸಿ, ಅಂಗೈಯನ್ನು ಪೆಟ್ಟಿಗೆಯ ಬೆನ್ನ ಮೇಲಿಟ್ಟು, ಕಣ್ಣು ಮುಚ್ಚಿದ.

“ಜೀವ ಇಲ್ಲ,” ಎಂದು ತೀರ್ಪು ಕೊಟ್ಟ.

ಹುಡುಗಿ ಮತ್ತೊಂದು ತಂದಳು, ಮಗದೊಂದು ತಂದಳು. ಒಂದಕ್ಕೆ ಜ್ವರ ಬಂದ ಹಾಗಿದೆ ಎಂದ, ಇನ್ನೊಂದಕ್ಕೆ ಒಳಗೆ ಏನೋ ಸಡಿಲ ಇದೆ ಎಂದ. ಕೇಳಿ ನೋಡಿ ಸಾರ್ ಎಂದು ಆಕೆ ಅಂಗಲಾಚಿದರೆ, ಕೇಳೋದು ಎಲ್ಲರಿಗೂ ಬರುತ್ತಮ್ಮ, ನಾಡಿ ನೋಡೋದು ಬೇರೆ ವಿದ್ಯೆ ಎಂದ. ಕಡೆಗೆ ಹುಡುಗಿ ಹಿಂದಿನ ಕಪಾಟಿನಿಂದ ಎರಡೂ ಕೈಯಲ್ಲಿ ಎತ್ತಿ ತಂದದ್ದು ಒಂದು ಕರಿಯ ಗಡಿಯಾರ ರೇಡಿಯೋ. ಹಂದಿಮರಿಯಷ್ಟು ದಪ್ಪ, ಮುಂದೆ ಕೆಂಪು ಅಂಕಿಗಳು. ಅದಕ್ಕೆ ಹಾಡು ಹಚ್ಚಿದ್ದೇ ತಡ, ಮೇಜಿನ ಗಾಜು ನಡುಗಿತು, ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು, ಹುಡುಗಿ ಒಂದು ಬೆರಳನ್ನು ಮೆಲ್ಲಗೆ ಕಿವಿಗೆ ಹಾಕಿಕೊಂಡಳು. (ಕಿವಿ ತುರಿಸುತ್ತಿರಬೇಕು ಎಂದುಕೊಂಡ ಮೇಸ್ತ್ರಿ.) ಅವನ ಅಂಗೈಯಿಂದ ಮೊಣಕೈವರೆಗೂ ಝುಮ್ಮೆಂದಿತು. ಎಣ್ಣೆ ಹಾಕಿದ ಹೊಸ ಮಗ್ಗದ ಮೈ ಮುಟ್ಟಿದ ಹಾಗೆ.

“ಇದು ಗಂಡಸು,” ಎಂದ.

“ರೀ, ಚಿಕ್ಕದೇ ಸಾಕು,” ಎಂದಳು ಹೆಂಡತಿ. “ಅದರ ದನಿ ಇಂಪಾಗಿದೆ.”

ಮೇಸ್ತ್ರಿಗೆ ಯಾಕೋ ಆ ಕ್ಷಣದಲ್ಲಿ ಕ್ಷೌರದಂಗಡಿಯ ನಗು ನೆನಪಾಯಿತು.

“ದನಿ ವಿಷಯ ನೀನು ಹೇಳ್ತೀಯಾ?” ಎಂದುಬಿಟ್ಟ.

ಗಾಜಿನ ಮೇಲೆ ತಾಳ ಹಾಕುತ್ತಿದ್ದ ಬೆರಳುಗಳು ನಿಂತವು. ಹುಡುಗಿ ಆಕೆಯ ಮುಖ ನೋಡಿದಳು, ಆಕೆ ತನ್ನ ಕೈಚೀಲದ ಹಿಡಿಕೆ ನೋಡಿದಳು. ಕರಿಯ ಪೆಟ್ಟಿಗೆ ರಟ್ಟಿನ ಡಬ್ಬಿಯೊಳಗೆ ಹೋಯಿತು. ದಾರಿಯುದ್ದಕ್ಕೂ ಮೇಸ್ತ್ರಿ ಅದರ ಗುಣವಿಶೇಷಗಳನ್ನು ವರ್ಣಿಸಿದ. ಹೆಂಡತಿ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಅಂದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಬೇರೆ ಮಾತು, ಅದಕ್ಕೆ ಮುಂದೆ ಬರೋಣ.

ಸಂಜೆ ತಲೆದಿಂಬಿನ ಪಕ್ಕ ಸ್ಟೂಲು ಹಾಕಿ, ಅದರ ಮೇಲೊಂದು ಕಸೂತಿ ಬಟ್ಟೆ ಹಾಸಿ, ಯಂತ್ರದ ಪಟ್ಟಾಭಿಷೇಕ ನಡೆಯಿತು. ನೆತ್ತಿಯ ಮೇಲೆ ಪ್ಲೇಯರ್ ಕೂತಿತು. ಹೊತ್ತು ಹೇಳಿಟ್ಟಾಯಿತು. ಆಮೇಲೆ ಮೇಸ್ತ್ರಿ ರಾಜಶಾಸನ ಹೊರಡಿಸಿದ.

“ನಾಳೆಯಿಂದ ನೀನು ಕೂಗೋ ಹಾಗಿಲ್ಲ. ನಿನ್ನ ಗಂಟಲಿಗೆ ನಿವೃತ್ತಿ ಕೊಟ್ಟಿದ್ದೀನಿ.”

“ಕರೆಯೋದೇ ಬೇಡ್ವಾ?”

“ಬೇಡ.”

“ಆಮೇಲೆ ನನ್ನ ಮೇಲೆ ಹಾಕ್ಬೇಡಿ.”

ಹಾಕಲಿಕ್ಕೆ ಏನಿದೆ ಎಂದು ಮೇಸ್ತ್ರಿ ಮಗ್ಗುಲು ಹೊರಳಿ, ಇದ್ದುದರಲ್ಲಿ ಚೆನ್ನಾಗಿದ್ದ ಕಿವಿಯನ್ನೇ ದಿಂಬಿಗೆ ಒತ್ತಿಕೊಂಡು, ಮಹಾರಾಜನಂತೆ ನಿದ್ದೆಹೋದ.

ಅವನಿಗೆ ಎಚ್ಚರವಾದದ್ದು ಮುಖಕ್ಕೆ ಬಿಸಿಲು ಬಿದ್ದಾಗ. ಬಿಸಿಲನ್ನು ಅವನು ಆ ಹಾಸಿಗೆಯಿಂದ ನೋಡಿದ್ದೇ ಇರಲಿಲ್ಲ. ಕಣ್ಣುಜ್ಜಿ ನೋಡಿದರೆ ಕೋಣೆಯ ತುಂಬ ಜನ. ಬೇಕರಿಯವನು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಅವನ ಹಿಂದೆ, ಬೀಗ ಹಾಕಿದ ಶೆಡ್ಡಿನ ಮುಂದೆ ಕಾದು ಕಾದು ಸಾಕಾಗಿ ಬಂದ ಮಗ್ಗದವರು. ಎಲ್ಲರಿಗಿಂತ ಮುಂದೆ, ಅತ್ತಿಂದಿತ್ತ ಓಡಾಡುವ ಸ್ವಭಾವಕ್ಕೆ ಲಾಳಿ ಎಂದೇ ಹೆಸರಾದ ಉದ್ದನೆಯ ಮನುಷ್ಯ. ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು. ಕಪಾಟಿನಲ್ಲಿ ತಟ್ಟೆಗಳು ಕುಣಿಯುತ್ತಿದ್ದವು. ಹೆಂಡತಿ ಮಾತ್ರ ಬಾಗಿಲ ಪಕ್ಕದ ಮಣೆಯ ಮೇಲೆ, ಮಡಿಲಲ್ಲಿ ಕೈ ಇಟ್ಟುಕೊಂಡು, ಶಾಸನಕ್ಕೆ ತಲೆಬಾಗಿದ ಪ್ರಜೆಯಂತೆ ಸುಮ್ಮನೆ ಕೂತಿದ್ದಳು.

ಮೇಸ್ತ್ರಿ ಗಾಬರಿಯಿಂದ ಯಂತ್ರದ ಮೇಲೆ ಅಂಗೈ ಇಟ್ಟ. ಮೊಣಕೈವರೆಗೂ ಝುಮ್ಮೆಂದಿತು.

“ಓಡ್ತಾ ಇದೆಯಲ್ಲ!” ಎಂದ.

ಅಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಲಾಳಿ ಶೆಡ್ಡಿನ ಅಭ್ಯಾಸದಂತೆ, ಗಂಟಲಿನಿಂದ ಒಂದಿಷ್ಟೂ ದನಿ ಹೊರಡಿಸದೆ, ಬರೀ ತುಟಿ ಆಡಿಸಿ ಹೇಳಿದ: ಆವಾಗಿಂದ ಓಡ್ತಾನೇ ಇದೆ ಮೇಸ್ತ್ರಿ, ಬೀದಿಗೆ ಬೀದಿಯೇ ಎದ್ದು ಕೂತಿದೆ.

ಆ ಮಾತು ಮೇಸ್ತ್ರಿಗೆ ಅಕ್ಷರ ಅಕ್ಷರವಾಗಿ ತಿಳಿಯಿತು. ಪಕ್ಕದಲ್ಲಿದ್ದ ಬೇಕರಿಯವನು ಏನಂದ, ಏನಂದ ಎಂದು ಲಾಳಿಯನ್ನು ಕೇಳುತ್ತಿದ್ದ. ದನಿಯೇ ಇಲ್ಲದ ಮಾತು ತನಗೆ ತಿಳಿದದ್ದು, ತಟ್ಟೆ ಕುಣಿಸುವ ಸದ್ದಿನಲ್ಲಿ ತಾನು ನಿದ್ದೆ ಮಾಡಿದ್ದು, ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಮೇಸ್ತ್ರಿ ಯಂತ್ರದ ಮೇಲಿಂದ ಅಂಗೈ ಎತ್ತಿ ತನ್ನ ಕಿವಿ ಮುಟ್ಟಿ ನೋಡಿಕೊಂಡ.

ಜನ ಚದುರಿದ ಮೇಲೆ ಹೆಂಡತಿ ಎದ್ದು ಯಂತ್ರದ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು. ಬೀಗದ ಕೈಯನ್ನು ಅವನ ಕೈಗಿಟ್ಟಳು. ಅವನೆದುರು ಸರಿಯಾಗಿ ನಿಂತು, ತುಟಿ ಕಾಣುವ ಹಾಗೆ, ಮೆಲ್ಲಗೆ ಮಾತಾಡಿದಳು.

“ಹೊಸದರಲ್ಲಿ ನಾನು ಉಸಿರಷ್ಟೇ ದನಿಯಲ್ಲಿ ಕರೀತಿದ್ದೆ. ನೀವು ಏಳ್ತಿದ್ರಿ. ಆಮೇಲಾಮೇಲೆ ಅದು ಸಾಲದೆ ಬಂತು. ವರ್ಷ ವರ್ಷ ಒಂಚೂರು ಏರಿಸ್ಕೊಂಡು ಬಂದೆ. ನಿಮಗೆ ಗೊತ್ತಾಗದ ಹಾಗೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ಮೇಸ್ತ್ರಿಗೆ ಕಿವಿ ಕೇಳ್ಸಲ್ಲ ಅಂತ ಜನ ಆಡ್ಕೊಳ್ಳೋದಕ್ಕಿಂತ, ಮೇಸ್ತ್ರಿ ಹೆಂಡ್ತಿ ಬಾಯಿ ಜೋರು ಅಂತ ಆಡ್ಕೊಳ್ಳಲಿ ಬಿಡು ಅಂದ್ಕೊಂಡೆ.”

ಕ್ಷೌರದಂಗಡಿಯಲ್ಲಿ ತಾನು ಸೇರಿಸಿದ ಉಪ್ಪು ಖಾರ ಈಗ ಅವನ ನಾಲಿಗೆಯ ಮೇಲೆಯೇ ಉರಿಯುತ್ತಿತ್ತು. ಅಂಗಡಿಯ ಗಾಜಿನ ಮೇಲೆ ತಾಳ ನಿಲ್ಲಿಸಿದ ಆ ಬೆರಳುಗಳನ್ನೊಮ್ಮೆ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಆಕೆ, “ಮೊದಲು ಹೋಗಿ ಬಾಗಿಲು ತೆಗೀರಿ, ಜನ ಕಾಯ್ತಿದ್ದಾರೆ,” ಎಂದು ಚಪ್ಪಲಿ ಮುಂದಿಟ್ಟಳು.

ಮರುದಿನ ಅವನು ಆ ಕರಿಯ ಹಂದಿಮರಿಯನ್ನು ಕೊಟ್ಟು ಚಿಕ್ಕ ಸ್ಪೀಕರ್ ತರಲೆಂದು ಹೊತ್ತುಕೊಂಡು ಅಂಗಡಿಗೆ ಹೊರಟಿದ್ದ. ಬೇಕರಿಯವನು ಅಡ್ಡ ಬಂದು ವಿಷಯ ತಿಳಿದುಕೊಂಡ. ಅತ್ತಿಗೆ ಕೂಗದೆ ಇವತ್ತು ತನ್ನ ಒಲೆ ಹೊತ್ತಿಗೆ ಸರಿಯಾಗಿ ಹತ್ತಲಿಲ್ಲ, ಬೀದಿಗೆಲ್ಲ ಬ್ರೆಡ್ಡು ತಡವಾಯಿತು, ಅದನ್ನು ತನಗೇ ಕೊಟ್ಟುಬಿಡಿ, ಬದಲಿಗೆ ಆ ಚಿಕ್ಕ ಸ್ಪೀಕರನ್ನು ತಾನು ತಂದುಕೊಡುತ್ತೇನೆ ಎಂದ. ವ್ಯಾಪಾರ ಕುದುರಿತು. ಈಗ ಬೀದಿಗೆ ಬೀದಿಯೇ ಬೇಕರಿಯವನ ರೇಡಿಯೋಗೆ ಏಳುತ್ತದೆ, ಒಬ್ಬ ಮೇಸ್ತ್ರಿಯನ್ನು ಬಿಟ್ಟು.

ಚಿಕ್ಕ ಸ್ಪೀಕರ್ ಅಡುಗೆಮನೆಯ ಕಿಟಕಿಯ ಮೇಲೆ ಕೂತಿತು. ಹೆಂಡತಿ ಅದರ ಜೊತೆಗೆ ಹಾಡುತ್ತಾಳೆ. ಹಾಡುತ್ತಾಳಂತೆ ಎನ್ನಬೇಕು. ಎದುರುಮನೆಯ ಬೇಕರಿಯವನೇ ಒಮ್ಮೆ ನಿಲ್ಲಿಸಿ, “ಅತ್ತಿಗೆ ಗಂಟಲು ಇಷ್ಟು ಮೆತ್ತಗಿದೆ ಅಂತ ಗೊತ್ತೇ ಇರ್ಲಿಲ್ಲ ಮೇಸ್ತ್ರಿ. ಹಿಟ್ಟು ನಾದೋದು ಬಿಟ್ಟು ಕೇಳ್ತಾ ನಿಂತ್ಬಿಡ್ತೀನಿ,” ಎಂದ. ಮೇಸ್ತ್ರಿ ಹೌದೌದು ಎಂದು ತಲೆಯಾಡಿಸಿದ. ಮನೆಗೆ ಬಂದು, ಆಕೆ ನೀರಿಗೆ ಹೋದಾಗ, ಸ್ಪೀಕರಿನ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದ. ಯಾರೋ ಹಾಡುಗಾರನ ಸಣ್ಣ ನಾಡಿ ಸಿಕ್ಕಿತು. ಹೆಂಡತಿಯದು ಸಿಗಲಿಲ್ಲ.

ಅವನು ನಾಚಿಕೆ ಬಿಟ್ಟು ಕೇಳಿಯೂ ನೋಡಿದ, ಮತ್ತೆ ಮೊದಲಿನ ಹಾಗೆ ಕೂಗಿ ಎಬ್ಬಿಸು, ಬೀದಿಯವರು ಏನಾದರೂ ಅಂದುಕೊಳ್ಳಲಿ ಎಂದು.

“ಇಲ್ಲ ರೀ,” ಎಂದಳು. “ಇಷ್ಟು ವರ್ಷಕ್ಕೆ ಗಂಟಲು ಹದಕ್ಕೆ ಬಂದಿದೆ. ಮತ್ತೆ ಕೆಡಿಸ್ಕೊಳ್ಳಲ್ಲ.”

ಹಾಗೆಂದು ಆಕೆ ಅವನನ್ನು ಮಲಗಲು ಬಿಟ್ಟಳೆಂದಲ್ಲ. ಶೆಡ್ಡಿನಿಂದ ಅವನೇ ತಂದಿದ್ದ ಚೂರು ನೂಲನ್ನು ಹೊಸೆದು ಗಟ್ಟಿ ಹುರಿ ಮಾಡಿದಳು. ಒಂದು ತುದಿ ಅವನ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ತುದಿ ಅಡುಗೆಮನೆಯ ಕಿಟಕಿಯ ಸರಳಿಗೆ. ಒಲೆಯ ಮುಂದೆ ನಿಂತಲ್ಲಿಂದಲೇ, ಹಾಡು ನಿಲ್ಲಿಸದೆ, ಒಂದು ಕೈಯಲ್ಲಿ ಚಹಾ ಕದಡುತ್ತ ಇನ್ನೊಂದು ಕೈಯಲ್ಲಿ ಎಳೆಯುತ್ತಾಳೆ. ಹೀಗೆ ಊರಿನ ಮಗ್ಗಗಳನ್ನೆಲ್ಲ ಓಡಿಸುವ ಮೇಸ್ತ್ರಿ ತಾನೇ ಒಂದು ಮಗ್ಗವಾದ.

ಈಚೆಗೆ ಅವನಿಗೆ ಎಳೆಯುವ ಮೊದಲೇ ಎಚ್ಚರವಾಗುತ್ತದೆ. ಎದ್ದರೆ ಎದ್ದುಬಿಡಬಹುದು. ಏಳುವುದಿಲ್ಲ. ಒಳ್ಳೆಯ ಕಿವಿಯನ್ನು ಮೇಲೆ ಮಾಡಿಕೊಂಡು, ಕಣ್ಣು ಮುಚ್ಚಿ ಬಿದ್ದಿರುತ್ತಾನೆ. ಅರೆಗಣ್ಣಿನಲ್ಲಿ ನೋಡಿದರೆ ಅಡುಗೆಮನೆಯಲ್ಲಿ ಆಕೆಯ ಬೆನ್ನು ಕಾಣುತ್ತದೆ. ಭುಜ ಮೆಲ್ಲಗೆ ತೂಗುತ್ತಿರುತ್ತದೆ, ತುಟಿ ಕಾಣುವುದಿಲ್ಲ. ಹುರಿ ಒಮ್ಮೆ ಬಿಗಿಯುತ್ತದೆ. ಏಳುವುದಿಲ್ಲ. ಎರಡನೆಯ ಸಲ ಬಿಗಿಯುತ್ತದೆ. ಆಗಲೂ ಏಳುವುದಿಲ್ಲ. ಮೂರನೆಯದಕ್ಕಾದರೂ ಬೇಸತ್ತು, ಮೈಮರೆತು, ಹಳೆಯ ಅಭ್ಯಾಸದಂತೆ ಒಂದು ಸಲ ‘ಏಳ್ರೀ’ ಎಂದುಬಿಟ್ಟಾಳು ಎಂದು ಉಸಿರು ಹಿಡಿದು ಕಾಯುತ್ತಾನೆ.

ಮೂರನೆಯ ಸಲ ಆಕೆ ಹುರಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಹೆಬ್ಬೆರಳು ಕಿತ್ತು ಬರುವ ಹಾಗೆ ಎಳೆಯುತ್ತಾಳೆ. ಮೇಸ್ತ್ರಿ ಬೀಗದ ಕೈ ತಡಕಿಕೊಂಡು, ಕುಂಟುತ್ತ ಶೆಡ್ಡಿಗೆ ಹೊರಡುತ್ತಾನೆ.