ಒಂದು ಹನಿಯೂ ಒಳಗೆ ಬರಕೂಡದು

ಹಳೆಯ ಟ್ರಕ್ಕು ಇರುವ ಮನೆಯಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಕಬ್ಬೂರಿನ ನಮ್ಮ ಟ್ರಕ್ಕಿನ ಎಡಬಾಗಿಲಿಗೆ ವರ್ಷಗಳಿಂದ ಗ್ಲಾಸೇ ಇರಲಿಲ್ಲ. ಅದಿಲ್ಲದೆ ಪಾಸಿಂಗ್, ಅಂದರೆ ಗಾಡಿಯ ಫಿಟ್ನೆಸ್ ತಪಾಸಣೆ, ಆಗದು ಎಂದು ಚಿಕ್ಕೋಡಿಯ ಆರ್‌ಟಿಒ ಸಾಹೇಬರು ಒಮ್ಮೆ ವಾಪಸು ಕಳಿಸಿದ್ದರು. ಪಾಸಿಂಗ್ ಆಗದಿದ್ದರೆ ಈ ಹಂಗಾಮಿನಲ್ಲಿ ಕಬ್ಬು ಹೇರುವಂತಿಲ್ಲ. ಅದರ ಗಡುವಿಗೆ ಉಳಿದದ್ದು ಎರಡೇ ದಿನ. ಫಿಟ್ಟರ್ ಮಾತ್ರ, "ಮುಂದಿನ ವಾರ ನೋಡೋಣ್ರಿ" ಎಂದ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಕ್ರಮ ಒಂದಿದ್ದರೆ ಯಾವ ಕೆಲಸವೂ ಆಗುತ್ತದೆ. ನಾವೇ ಕೂರಿಸೋಣ ಎಂದೆ.

ನೋಡಲು ಹೋದದ್ದು

ಡ್ರೈವರನನ್ನು ಕರೆದುಕೊಂಡು ನಿಪ್ಪಾಣಿಯ ಗುಜರಿ ಅಂಗಡಿಗೆ ಹೋದೆ. ಟೇಪು, ಪೆನ್ಸಿಲು, ಕಿಟಕಿಯ ಆಕಾರಕ್ಕೆ ಕತ್ತರಿಸಿದ ರಟ್ಟು ಎಲ್ಲ ಕೈಯಲ್ಲಿದ್ದವು. ಈ ಗ್ಲಾಸು ಯಾವ ಗಾಡಿಯದು, ವಯಸ್ಸೆಷ್ಟು, ಅಂಚಿನಲ್ಲಿ ಗೀರು ಹೇಗೆ ಬಿತ್ತು, ಇದರ ಹಿಂದಿನ ಮಾಲೀಕರು ಎಂಥವರು ಎಂದು ಒಂದೊಂದಾಗಿ ವಿಚಾರಿಸಿದೆ.

ಅಂಗಡಿಯವನು ನನ್ನನ್ನು ಬಿಟ್ಟು ಡ್ರೈವರನನ್ನು ಕೇಳಿದ: "ಬಾಯಾರು ಗ್ಲಾಸ್ ನೋಡಾಕ ಬಂದಾರೋ, ಹೆಣ್ಣ ನೋಡಾಕ ಬಂದಾರೋ?"

ಬಾಗಿಲಿನ ಹೊಟ್ಟೆಯಲ್ಲಿ

ಬಾಗಿಲಿನ ಒಳತಗಡು ಬಿಚ್ಚಿದಾಗ, ಗ್ಲಾಸು ಇಳಿಯುವ ಸಂದಿಯಲ್ಲಿ ಇಷ್ಟು ವರ್ಷ ಬಿದ್ದದ್ದೆಲ್ಲ ಕಂಡಿತು. ಎರಡು ಬಾಚಣಿಗೆ, ಶೇಂಗಾ ಸಿಪ್ಪೆ, ಬಂದೇ ಇಲ್ಲವೆಂದು ನಮ್ಮೆಜಮಾನರು ಆಣೆ ಮಾಡಿದ್ದ ನನ್ನ ತವರಿನ ಮದುವೆ ಕಾರ್ಡು, ಮತ್ತು ಅತ್ತೆಯವರ ಬೆಳ್ಳಿಯ ಸುಣ್ಣದ ಡಬ್ಬಿ!

ಐಗಳಿಯಲ್ಲಿರುವ ತಮ್ಮ ನೆಗೆಣ್ಣಿಯೇ, ಅಂದರೆ ಮಾವನವರ ತಮ್ಮನ ಹೆಂಡತಿಯೇ, ಆ ಡಬ್ಬಿ ಕದ್ದಳೆಂದು ಅತ್ತೆ ಆಕೆಯ ಜೊತೆ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಡಬ್ಬಿ ಕಳೆದಂದು ಐಗಳಿಯಿಂದ ಇದೇ ಟ್ರಕ್ಕಿನಲ್ಲಿ, ಇದೇ ಕಿಟಕಿಯ ಪಕ್ಕ ಕುಳಿತು ಬಂದವರು ಅತ್ತೆಯೇ. ಈಗ ನಿಜ ತಿಳಿಯಿತಲ್ಲ ಎಂದು ಡಬ್ಬಿಯನ್ನು ಅವರ ಕೈಗಿಟ್ಟೆ.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೋಡಬೇ, ಆ ಕಳ್ಳಿ ಎಂಥಾ ಜಾಗಾದಾಗ ಮುಚ್ಚಿಟ್ಟಾಳ!"

ಪರೀಕ್ಷೆ

ಹೊಸ ರಬ್ಬರಿಗೆ ಸಾಬೂನು ನೀರು ಸವರಿ ಗ್ಲಾಸು ಕೂರಿಸಿದೆವು. ಅಷ್ಟರಲ್ಲಿ ಓಣಿಯೆಲ್ಲ ನೋಡಲು ನೆರೆದು, ಬಾವಿಯ ಮೋಟಾರು ಹಚ್ಚಿ ಕೊಡ ತುಂಬತೊಡಗಿತ್ತು. ನಾನು ಒಳಗೆ ಕುಳಿತು ಗ್ಲಾಸು ಮೇಲೇರಿಸಿ, "ಹೊರಗಿನಿಂದ ನೀರು ಹಾಕಿ. ಒಂದು ಹನಿಯೂ ಒಳಗೆ ಬರಕೂಡದು" ಎಂದಿದ್ದೆ. ಹಾಕಿದರು. ಬರಲಿಲ್ಲ.

ಇಳಿಯಲು ಹೋದರೆ ಒಳಗಿನ ಹಿಡಿಕೆ ಸುಮ್ಮನೆ ತಿರುಗಿತು. ಇಷ್ಟು ವರ್ಷ ಎಲ್ಲರೂ ಖಾಲಿ ಕಿಟಕಿಯಿಂದ ಕೈ ಹೊರಗೆ ಹಾಕಿಯೇ ಬಾಗಿಲು ತೆಗೆಯುತ್ತಿದ್ದರಂತೆ! ಗ್ಲಾಸು ಇಳಿಸಹೋದರೆ ಅದರ ಹಿಡಿಕೆ ಕಳಚಿ ಕೈಗೆ ಬಂತು. ಡ್ರೈವರನ ಬದಿಯ ಬಾಗಿಲು ಕೊಟ್ಟಿಗೆಯ ಗೋಡೆಗೆ ತಾಗಿತ್ತು.

ಕೂಗಿದ್ದು ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆ ಗ್ಲಾಸು ಬಡಿದೆ. "ಬಾಯಾರು ಇನ್ನ ಹಾಕ್ರಿ ಅನ್ನಾಕತ್ತಾರ!" ಎಂದನಂತೆ ಡ್ರೈವರ್. ಎರಡೂ ಕೈ ಬೀಸಿದೆ. "ಆಣಖೀ ಪಾಣಿ!", ಇನ್ನೂ ನೀರು ಬೇಕಂತೆ ಎಂದು ಪಕ್ಕದ ಮನೆಯ ಮರಾಠಿ ಮಾವಶಿ ತಮ್ಮ ಕೊಡವನ್ನೂ ತಂದರಂತೆ. ಕೊನೆಗೆ ಹಾರ್ನ್ ಒತ್ತಿದೆ. ಅದಕ್ಕೆ ಚಪ್ಪಾಳೆ ಬಿತ್ತು, ನೀರೂ ಬಿತ್ತು. ಬಾವಿಯ ಮೋಟಾರಿನ ಕರೆಂಟು ಹೋಗಿ ನೀರು ನಿಂತ ಮೇಲೆಯೇ ಅವರು ಹೊರಗಿನಿಂದ ಬಾಗಿಲು ತೆರೆದದ್ದು.

ಎರಡೂ ಹಿಡಿಕೆ ಬಿಗಿಸಿ ಮರುದಿನ ಚಿಕ್ಕೋಡಿಗೆ ಹೋದೆವು. ಸಾಹೇಬರು ಗ್ಲಾಸು ಮುಟ್ಟಿ ನೋಡಿ, "ನೀರ ಹಾಕಿ ನೋಡೀರೇನು?" ಎಂದರು.

"ಏನ್ ಕೇಳ್ತೀರಿ ಸಾಹೇಬ್ರ!" ಎಂದ ಡ್ರೈವರ್. "ಹಾಕಿ ಹಾಕಿ ನಮ್ಮ ರಟ್ಟಿ ಬಿದ್ದು ಹೋದುವು. ಬಾಯಾರು ಮಾತ್ರ ಒಳಗ ಕುಂತು, ಸಾಲೂದಿಲ್ಲ, ಇನ್ನೂ ಹಾಕ್ರಿ ಅಂತ ಹಾರ್ನ್ ಹೊಡ್ಯಾಕತ್ತಿದ್ರು!"

ಸಾಹೇಬರು ನನ್ನತ್ತ ಗೌರವದಿಂದ ನೋಡಿ ಸಹಿ ಹಾಕಿದರು. ಯಾರೇ ತಪ್ಪು ಹೇಳಿದರೂ ಅಲ್ಲೇ ತಿದ್ದುವುದು ನನ್ನ ಪದ್ಧತಿ. ಅಂದು ತಿದ್ದಲಿಲ್ಲ.