ಆಮ್ಲಜನಕೀಕರಣ ಮತ್ತು ವಾಟೆಹುಳಿ

ದೊಡ್ಡ ಶಬ್ದ ಬಳಸುವ ಚಪಲ ನನಗೆ ಮೊದಲಿನಿಂದಲೂ ಇದೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ಮೇಲೆ, ಕೂತು ಕೇಳುವ ಮಕ್ಕಳಿಲ್ಲದೆ, ಅದು ಇನ್ನೂ ಹೆಚ್ಚಾಯಿತು. ಅದರಿಂದ ಪ್ರಾಣಹಾನಿಯೂ ಆಗಬಹುದೆಂದು ಮಾತ್ರ ಗೊತ್ತಿರಲಿಲ್ಲ. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಗೋಣಿಬೀಡಿನ ಹತ್ತಿರ, ನಮ್ಮ ಪಕ್ಕದ ತೋಟದ ಜಯಮ್ಮನವರು ಕಾಫಿಗೆ ನೀರು ಹಾಯಿಸುವ ಹೊಂಡದಲ್ಲಿ ಕಾಟ್ಲಾ ಮೀನಿನ ಮರಿ ಬಿಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಯಾರನ್ನೂ ಕೇಳದೆ ಅವರು ಹೂಡಿದ ಮೊದಲ ಕೆಲಸ ಅದು. 'ಅತ್ತಿಗೆಗೆ ಮೀನಿನ ಹುಚ್ಚು' ಎಂದು ಮೈದುನಂದಿರು ನಗುತ್ತಿದ್ದರಂತೆ. ಮರಿಗಳ ಜೊತೆ ಬಂದ ಇಂಗ್ಲಿಷ್ ಚೀಟಿಯನ್ನು ಕನ್ನಡ ಮಾಡಿಕೊಟ್ಟವನು ನಾನು. 'ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಕೂಡಲೇ ಜಲದ ಆಮ್ಲಜನಕೀಕರಣ ಮಾಡತಕ್ಕದ್ದು' ಎಂದು ಬರೆದು, ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದೆ.

ಮೂರು ದಿನ ಮೋಡ ಕವಿದಿತ್ತು. ನಾಲ್ಕನೆಯ ಬೆಳಿಗ್ಗೆ ಜಯಮ್ಮನವರ ಫೋನು. "ಮೇಷ್ಟ್ರೇ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದಾವೆ. ನೀವು ಬರ್ದಿದೀರಲ್ಲ, ಆಮ್ಲ ಏನೋ, ಹಂಗಂದ್ರೆ ಎಂತದು?" ಬಿಸಿಲಿಲ್ಲದೆ ಹೊಂಡದಲ್ಲಿ ಗಾಳಿ ಕಮ್ಮಿಯಾಗಿದೆ, ನೀರಿಗೆ ಗಾಳಿ ಸೇರಿಸಿ ಎಂದಿದ್ದರೆ ಮುಗಿಯುತ್ತಿತ್ತು. ಶ್ವಾಸಕೋಶ ರಕ್ತಕ್ಕೆ ಮಾಡುವುದೂ ಅದೇ. ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವಾಗ ನಾವು ಒಂದಿಷ್ಟು ಮಾಡುವುದೂ ಅದೇ. ನಾನು ಮಾತ್ರ, "ಆಮ್ಲ ಅಂದ್ರೆ ಹುಳಿ ಜಯಮ್ಮ, ಜನಕ ಅಂದ್ರೆ ಹುಟ್ಟಿಸೋನು" ಎಂದು ಶುರುಮಾಡಿದೆ. 'ಕರಣ'ಕ್ಕೆ ಬಂದಾಗಲೇ ಗೊತ್ತಾದದ್ದು, ಅವರು ಫೋನಿಟ್ಟು ಎಷ್ಟೋ ಹೊತ್ತಾಗಿತ್ತು.

ಅನುಮಾನ ಬಂದು ಹೊಂಡದ ಹತ್ತಿರ ಹೋದೆ. ಜಯಮ್ಮ ಸಾರಿಗೆಂದು ಒಣಗಿಸಿಟ್ಟ ವಾಟೆಹುಳಿಯನ್ನೆಲ್ಲ ಬಕೆಟ್ಟಿನಲ್ಲಿ ಕಿವುಚಿ ನೀರಿಗೆ ಸುರಿಯುತ್ತಿದ್ದರು. "ಇಷ್ಟು ಹುಳಿ ಸಾಕಾ, ಇನ್ನೂ ಹಾಕ್ಲಾ?" ಎಂದರು. ದಡದುದ್ದಕ್ಕೂ ಮೀನಿನ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಷ್ಟರಲ್ಲಿ ಬಂದ ಅವರ ತೋಟದ ಮೇಸ್ತ್ರಿ ಸೋಮಯ್ಯ ಬಕೆಟ್ಟು ನೋಡಿ, "ಅಮ್ಮಾವ್ರೇ, ಸಾರು ಒಲೆ ಮೇಲೆ ಮಾಡೋದಲ್ವಾ?" ಎಂದ.

"ಗಾಳಿ," ಎಂದೆ ನಾನು. "ನೀರಿಗೆ ಗಾಳಿ ಬೇಕು."

"ಅಷ್ಟೇನಾ ಮಾರಾಯ್ರೇ," ಎಂದವನೇ ಮೋಟರ್ ಹಾಕಿ, ಸ್ಪ್ರಿಂಕ್ಲರನ್ನು ಹೊಂಡದ ಕಡೆಗೇ ತಿರುಗಿಸಿದ. ನೀರು ಮೇಲೆ ಚಿಮ್ಮಿ ಹೊಂಡಕ್ಕೇ ಬೀಳತೊಡಗಿತು. ಗಂಟೆಯೊಂದು ಕಳೆಯುವಾಗ ಬಾಯಿಗಳು ಒಂದೊಂದಾಗಿ ಕೆಳಗಿಳಿದವು. ಹದಿನೇಳು ಮೀನು ಸತ್ತವು. ಉಳಿದವೆಲ್ಲ ಬದುಕಿದವು.

ಅವರ ಜಗಲಿಯಲ್ಲೇ ಕೂತು ಚೀಟಿ ತಿದ್ದಿದೆ: 'ಮೋಟರ್ ಹಾಕಿ, ಹೊಂಡದ ನೀರನ್ನು ಚಿಮ್ಮಿಸಿ ಹೊಂಡಕ್ಕೇ ಬೀಳಿಸಿ.' ಜಯಮ್ಮ ಕಾಫಿ ತಂದಿಟ್ಟು, ನಿಧಾನವಾಗಿ ಓದಿದರು.

"ಹಿಂಗೆ ಬರೆಯಕ್ಕೆ ನಿಮಗೆ ಮೊದ್ಲೂ ಬರ್ತಿತ್ತಾ ಮೇಷ್ಟ್ರೇ?"

ಅವರು ನಿಜವಾಗಿಯೇ ಕೇಳಿದ್ದರು. ಬರುತ್ತಿತ್ತು ಎಂದರೆ ಆ ಹದಿನೇಳೂ ನನ್ನ ಲೆಕ್ಕಕ್ಕೆ. ಬರುತ್ತಿರಲಿಲ್ಲ ಎಂದರೆ ಅಷ್ಟು ವರ್ಷದ ಮೇಷ್ಟ್ರಿಕೆ ಯಾವ ಲೆಕ್ಕಕ್ಕೆ? ಕಾಫಿ ಚೆನ್ನಾಗಿದೆ ಎಂದೆ.